ರಿಯಾಯಿತಿ ದಿನಸಿ ಮಳಿಗೆಗಳಲ್ಲಿ ಬೆಲೆ ಇಳಿಯುವುದು ಎಲ್ಲಿಂದ, ಯಾರ ಖರ್ಚಿನಲ್ಲಿ?

ಪ್ರಶ್ನೆ

ನಾನು ಪದವಿ ತರಗತಿಗಳಿಗೆ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ. ರಿಯಾಯಿತಿ ದರದ ದಿನಸಿ ಮಳಿಗೆಗಳ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದೇ ಮಾತು ಹೇಳುತ್ತಾರೆ: ಮೊದಲು ನಷ್ಟಕ್ಕೆ ಮಾರಿ ಎದುರಾಳಿಗಳ ಬಾಗಿಲು ಮುಚ್ಚಿಸುತ್ತಾರೆ, ಆಮೇಲೆ ಬೆಲೆ ಏರಿಸುತ್ತಾರೆ. ಆದರೆ ಜರ್ಮನಿಯ ಆಲ್ಡಿ 1990ರಲ್ಲಿ ಬ್ರಿಟನ್ನಿಗೆ ಕಾಲಿಟ್ಟು, 2022ರಲ್ಲಿ ಮಾರಿಸನ್ಸ್ ಸಂಸ್ಥೆಯನ್ನು ಹಿಂದಿಕ್ಕಿ, ಅಲ್ಲಿನ ನಾಲ್ಕನೆಯ ಅತಿದೊಡ್ಡ ದಿನಸಿ ಸರಣಿಯಾಯಿತು. ಮೂವತ್ತು ವರ್ಷ ನಷ್ಟದಲ್ಲೇ ವ್ಯಾಪಾರ ನಡೆಸಲು ಯಾರಿಂದಲೂ ಆಗದು. ಹಾಗಾದರೆ ಬೆಲೆ ಇಳಿಯುವುದು ಎಲ್ಲಿಂದ, ಮತ್ತು ಆ ಇಳಿತದ ಹೊರೆ ಯಾರ ಹೆಗಲಿಗೆ ಬೀಳುತ್ತದೆ? ಈ ವ್ಯಾಪಾರವನ್ನು ಒಳಗಿನಿಂದ ಕಂಡವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಇಂತಹ ಮಳಿಗೆಯೊಂದರ ನಿರ್ವಹಣೆಯಲ್ಲಿ ಕೆಲವು ವರ್ಷ ದುಡಿದ ಅನುಭವದಿಂದ ಬರೆಯುತ್ತಿದ್ದೇನೆ. ಬೆಲೆ ಇಳಿಯುವುದು ಮುಖ್ಯವಾಗಿ ಸರಕಿನ ಪಟ್ಟಿಯನ್ನು ಮೊಟಕುಗೊಳಿಸುವುದರಿಂದ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ 30,000 ಬಗೆಯ ಸರಕುಗಳಿದ್ದರೆ ರಿಯಾಯಿತಿ ಮಳಿಗೆಯಲ್ಲಿ 2,000ದ ಆಸುಪಾಸು ಇರುತ್ತವೆ. ಒಂದೇ ವಸ್ತುವಿಗೆ ಹತ್ತು ಬ್ರ್ಯಾಂಡ್ ಇಡುವ ಬದಲು ಒಂದೋ ಎರಡೋ ಇಟ್ಟರೆ, ಹತ್ತು ಕಡೆ ಹಂಚಿಹೋಗುತ್ತಿದ್ದ ಮಾರಾಟವೆಲ್ಲ ಅವುಗಳಲ್ಲೇ ಸೇರುತ್ತದೆ; ಆಗ ತಯಾರಕರ ಎದುರು ಕುಳಿತು ದರ ಮಾತನಾಡುವವರ ಬಲವೇ ಬೇರೆ. ಸರಕು ಗೋದಾಮಿನಲ್ಲಿ ಕೂರುವುದಿಲ್ಲ. ತಯಾರಕರಿಗೆ ಹಣ ಸಲ್ಲಿಸಬೇಕಾದ ಗಡುವಿಗೆ ಎಷ್ಟೋ ಮೊದಲೇ ಅದು ಮಾರಾಟವಾಗಿ ಹಣ ಕೈಸೇರಿರುತ್ತದೆ.

ಉಳಿದದ್ದೆಲ್ಲ ಕೆಲಸದ ನಿಮಿಷಗಳ ಲೆಕ್ಕ. ರಟ್ಟಿನ ಪೆಟ್ಟಿಗೆಯ ಮುಂಭಾಗವನ್ನು ಹರಿದರೆ ಸಾಕು, ಸರಕು ಪೆಟ್ಟಿಗೆಯ ಸಮೇತ ಕಪಾಟಿಗೇರುತ್ತದೆ. ಪೊಟ್ಟಣದ ಹಲವು ಬದಿಗಳಲ್ಲಿ ಬಾರ್‌ಕೋಡ್ ಮುದ್ರಿಸಿರುವುದರಿಂದ ಬಿಲ್ ಮಾಡುವವರು ಅದನ್ನು ಹೊರಳಿಸಿ ಹುಡುಕಬೇಕಿಲ್ಲ. ನಾಣ್ಯ ಹಾಕಿ ತಳ್ಳುಗಾಡಿ ಬಿಡಿಸಿಕೊಂಡ ಗಿರಾಕಿಯು ನಾಣ್ಯವನ್ನು ಮರಳಿ ಪಡೆಯಲು ಗಾಡಿಯನ್ನು ತಾನೇ ತಂದು ಸಾಲಿಗೆ ಸೇರಿಸುವುದರಿಂದ, ಗಾಡಿ ಒಟ್ಟುಮಾಡಲು ಬೇರೆ ಆಳು ಬೇಡ. ಒಂದೊಂದರಲ್ಲೂ ಉಳಿಯುವುದು ಕೆಲವೇ ಸೆಕೆಂಡುಗಳಾದರೂ, ಸಾವಿರಾರು ಪೊಟ್ಟಣಗಳು ಕೌಂಟರ್ ದಾಟುವ ಕಡೆ ದಿನದ ಕೊನೆಗೆ ಅದು ಗಂಟೆಗಟ್ಟಲೆ ಆಗುತ್ತದೆ. ಈ ಉಳಿತಾಯ ನೌಕರರಿಗೆ ಹಗುರವಾಗಿತ್ತೆಂದು ನಾನು ಹೇಳಲಾರೆ. ಬಿಲ್ ಮಾಡುವವರೇ ಸರಕು ಇಳಿಸುತ್ತಿದ್ದರು, ನೆಲವನ್ನೂ ಒರೆಸುತ್ತಿದ್ದರು. ಒಬ್ಬರು ರಜೆ ಹಾಕಿದರೆ ಉಳಿದವರಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ.

ಉತ್ತರ 2

ನಮ್ಮದು ಬಟ್ಟೆ ಒಗೆಯುವ ಪುಡಿ ತಯಾರಿಸುವ ಸಣ್ಣ ಕಾರ್ಖಾನೆ. ರಿಯಾಯಿತಿ ಸರಣಿಯೊಂದಕ್ಕೆ ಅದರ ಸ್ವಂತ ಬ್ರ್ಯಾಂಡಿನ ಹೆಸರಿನಲ್ಲಿ ಸರಬರಾಜು ಮಾಡುತ್ತೇವೆ. ಅದರಲ್ಲಿ ಅನುಕೂಲ ಇಲ್ಲವೆಂದಲ್ಲ: ಜಾಹೀರಾತಿನ ಖರ್ಚಿಲ್ಲ, ವಿತರಕರ ಕಮಿಷನ್ ಇಲ್ಲ, ವರ್ಷವಿಡೀ ಯಂತ್ರ ನಿಲ್ಲುವುದಿಲ್ಲ. ಕಪಾಟಿನ ಮೇಲಿನ ಕಡಿಮೆ ಬೆಲೆಯ ದೊಡ್ಡ ಪಾಲು ಈ ನ್ಯಾಯವಾದ ಉಳಿತಾಯದಿಂದಲೇ ಬಂದದ್ದು. ಆದರೆ ನಮ್ಮ ಉತ್ಪಾದನೆಯ ಮುಕ್ಕಾಲು ಪಾಲು ಒಬ್ಬರೇ ಗಿರಾಕಿಗೆ ಹೋಗತೊಡಗಿದ ದಿನದಿಂದ ದರ ನಿರ್ಧರಿಸುವ ಮಾತು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಒಮ್ಮೆ ಚೀಲದ ಮೇಲಿನ ಚಿತ್ರ ಬದಲಾಗಿದೆಯೆಂದು ಒಂದು ಸಾಲಿನ ಸಂದೇಶ ಬಂತು. ಎರಡು ತಿಂಗಳಿಗಾಗುವಷ್ಟು ಮುದ್ರಿತ ಚೀಲಗಳು ರದ್ದಿಗೆ ಹೋದವು. ನಷ್ಟವೆಲ್ಲ ನಮ್ಮದೇ ಆಯಿತು, ಏಕೆಂದರೆ ಒಪ್ಪಂದದಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಯಾವ ಉಳಿತಾಯ ದಕ್ಷತೆಯದು, ಯಾವುದು ದುರ್ಬಲರ ತಲೆಗೆ ಕಟ್ಟಿದ್ದು ಎಂಬ ವ್ಯತ್ಯಾಸವನ್ನು ನಿಮ್ಮ ವಿದ್ಯಾರ್ಥಿಗಳು ಅರಿಯಬೇಕೆಂದು ನನ್ನ ಆಸೆ.

ಕಾನೂನು ಇದನ್ನು ತಡವಾಗಿ ಗುರುತಿಸಿದೆ. ಬ್ರಿಟನ್ 2013ರಲ್ಲಿ ದೊಡ್ಡ ದಿನಸಿ ಸರಣಿಗಳು ಸರಬರಾಜುದಾರರೊಂದಿಗೆ ನಡೆದುಕೊಳ್ಳುವ ರೀತಿಯ ಮೇಲೆ ಕಣ್ಣಿಡಲು ಪ್ರತ್ಯೇಕ ಅಧಿಕಾರಿಯನ್ನು ನೇಮಿಸಿತು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವು ಬೇಗ ಕೆಡುವ ಕೃಷಿ ಮತ್ತು ಆಹಾರ ಪದಾರ್ಥಗಳ ಆರ್ಡರನ್ನು 30 ದಿನಕ್ಕಿಂತ ಕಡಿಮೆ ಮುನ್ಸೂಚನೆಯಲ್ಲಿ ರದ್ದುಪಡಿಸುವುದನ್ನು ನಿಷೇಧಿಸಿತು. ಆ ನಿರ್ದೇಶನವು ಕೃಷಿ ಮತ್ತು ಆಹಾರ ಪದಾರ್ಥಗಳಿಗಷ್ಟೇ ಸೀಮಿತವಾದುದರಿಂದ ನಮ್ಮಂಥ ಸರಕಿಗೆ ಅನ್ವಯಿಸುವುದಿಲ್ಲ.

ಉತ್ತರ 3

ಬೆಲೆ ಆಮೇಲೆ ಏರುತ್ತದೆಯೇ ಎಂಬುದಕ್ಕೆ ಹಾರ್ವರ್ಡಿನ ಮಾಲ್ಕಮ್ ಮೆಕ್‌ನೇರ್ 1958ರಲ್ಲೇ ಬೇರೊಂದು ದಾರಿ ತೋರಿಸಿದ್ದಾರೆ. ಕಡಿಮೆ ಖರ್ಚಿನಲ್ಲಿ ಒಳಬಂದ ವ್ಯಾಪಾರಿ ಗಿರಾಕಿಗಳನ್ನು ಹೆಚ್ಚಿಸಿಕೊಳ್ಳಲು ಒಂದೊಂದೇ ಸೌಕರ್ಯ ಸೇರಿಸುತ್ತಾನೆ, ಖರ್ಚು ಏರುತ್ತದೆ, ಕೊನೆಗೆ ಇನ್ನೊಬ್ಬ ಅಗ್ಗದ ವ್ಯಾಪಾರಿಗೆ ಅವನೇ ಜಾಗ ಮಾಡಿಕೊಡುತ್ತಾನೆ. ಅಂದರೆ ಎಲ್ಲರನ್ನೂ ಓಡಿಸಿ ಬೆಲೆ ಏರಿಸುವ ಹಂಚಿಕೆ ಇಲ್ಲದಿದ್ದರೂ ಬೆಲೆ ಏರಬಹುದು. ಇದು ಎಲ್ಲ ಕಡೆಯೂ ಹೀಗೆಯೇ ನಡೆಯುವ ನಿಯಮವೇನಲ್ಲ.

ಎದುರಾಳಿಗಳನ್ನು ಹಣದ ಬಲದಿಂದ ಓಡಿಸುವುದೂ ಸುಲಭವಲ್ಲ. ವಾಲ್‌ಮಾರ್ಟ್‌ನಷ್ಟು ದೊಡ್ಡ ಸಂಸ್ಥೆಯೂ 1997ರಲ್ಲಿ ಜರ್ಮನಿಗೆ ಹೋಗಿ, ಆಲ್ಡಿ ಮತ್ತು ಲಿಡ್ಲ್ ಎಂಬ ರಿಯಾಯಿತಿ ಸರಣಿಗಳು ಬೇರೂರಿದ್ದ ಆ ಮಾರುಕಟ್ಟೆಯಲ್ಲಿ ಕೈಸುಟ್ಟುಕೊಂಡು, 2006ರಲ್ಲಿ ತನ್ನ 85 ಮಳಿಗೆಗಳನ್ನು ಮಾರಿ ಹೊರಬಂತು. ಬ್ರಿಟನ್ನಿನ ದೊಡ್ಡ ದಿನಸಿ ಸರಣಿಯಾದ ಟೆಸ್ಕೊ 2018ರಲ್ಲಿ ತೆರೆದ ಜ್ಯಾಕ್ಸ್ ಎಂಬ ಅಗ್ಗದ ಸರಣಿ 2022ರ ಹೊತ್ತಿಗೆ ಇಲ್ಲವಾಯಿತು. ಆದರೆ 2020ರಲ್ಲಿ ಆಯ್ದ ಕೆಲವು ಸರಕುಗಳಿಗೆ ಆಲ್ಡಿಯ ದರವನ್ನೇ ಇಟ್ಟ ಟೆಸ್ಕೊದ ಯೋಜನೆ ಮುಂದುವರಿಯಿತು. ಪಟ್ಟಿ ಚಿಕ್ಕದಾದುದರಿಂದ ರಿಯಾಯಿತಿ ಮಳಿಗೆಯಲ್ಲಿ ಬೇಕಾದದ್ದೆಲ್ಲ ಸಿಗುವುದಿಲ್ಲ, ಗಿರಾಕಿ ಇನ್ನೊಂದು ಅಂಗಡಿಗೂ ಹೋಗಲೇಬೇಕಾಗುತ್ತದೆ. ಉಳಿದವರು ಪೈಪೋಟಿ ಮಾಡಬಹುದಾದ ಜಾಗ ಅದೇ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಎರಡನೆಯ ಉತ್ತರ ಬರೆದವರಲ್ಲಿ ಒಂದು ವಿನಂತಿ: ಹೆಸರುಗಳನ್ನು ತೆಗೆದು ನಿಮ್ಮ ಚೀಲಗಳ ಪ್ರಸಂಗವನ್ನು ತರಗತಿಯಲ್ಲಿ ಹೇಳಬಹುದೇ?

ಉತ್ತರ 2 ಬರೆದವರು

ಖಂಡಿತ ಹೇಳಿ. ಆ ಮೇಲೆ ನಾವು ಒಪ್ಪಂದಕ್ಕೆ ಒಂದು ಷರತ್ತು ಸೇರಿಸಲು ಕೇಳಿದೆವು, ಅವರು ಒಪ್ಪಿದರು ಎಂಬುದನ್ನೂ ಸೇರಿಸಿ ಹೇಳಿ. ಈಗ ಚಿತ್ರ ಬದಲಾದರೆ ಉಳಿದ ಚೀಲಗಳ ಅರ್ಧ ಖರ್ಚು ಅವರದು.