ಸಹಾಯ ಬೇಕು: ಓಪನ್‌ವರ್ಟ್ ಹಾಕುವಾಗ ಕರೆಂಟ್ ಹೋಗಿ ರೂಟರ್ ಏಳ್ತಿಲ್ಲ (ಗಂಗಾವತಿ)

ನಮಸ್ಕಾರ್ರಿ ಎಲ್ಲರಿಗೂ. ಓಣಿ ಹುಡುಗರು ಸಂಜೆ ಓದೋಕೆ ಕೂಡೋ ಕೋಣೆಗಂತ ಹಳೇ ರೂಟರ್‌ಗೆ ಓಪನ್‌ವರ್ಟ್ (ಕಂಪನಿ ತಂತ್ರಾಂಶದ ಬದಲು ರೂಟರ್‌ಗೆ ಹಾಕೋ ಉಚಿತ ತಂತ್ರಾಂಶ) ಹಾಕ್ತಿದ್ದೆ. ಅರ್ಧಕ್ಕೆ ಕರೆಂಟ್ ಹೋಯ್ತು. ಈಗ ದೀಪ ಎಲ್ಲಾ ಒಮ್ಮೆ ಮಿನುಗಿ ಆರ್ತಾವ, ಮತ್ತ ಮೊದಲಿಂದ ಅದೇ. ರಿಸೆಟ್ ಗುಂಡಿ ಒತ್ತಿ ಹಿಡಿದು ಟಿಎಫ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸೋ ಸರಳ ವಿಧಾನ) ತಂತ್ರಾಂಶದ ಫೈಲ್ ಕಳಿಸಿದ್ರೂ ತಗೊಳ್ಳವಲ್ದು. ಫ್ಲ್ಯಾಶ್ 8 ಎಂಬಿ, ರ‍್ಯಾಮ್ 64 ಎಂಬಿ ಅದ (4 ಮತ್ತು 32 ಎಂಬಿ ಇದ್ದವಕ್ಕ ಓಪನ್‌ವರ್ಟ್‌ನ 19.07 ಆವೃತ್ತಿನೇ ಕೊನೇದು, ಅದಕ್ಕ ಇದನ್ನೇ ಹುಡುಕಿ ತಂದಿದ್ದೆ). ಬಿಚ್ಚಿ ನೋಡಿದೆ: ಬೋರ್ಡಿನ ಮೂಲ್ಯಾಗ ಸೀರಿಯಲ್‌ಗೆ (ಕಂಪ್ಯೂಟರಿಂದ ನೇರ ತಂತಿ ಜೋಡಿಸೋಕೆ) ನಾಲ್ಕು ತೂತು ಅದಾವ, ಪಿನ್ ಬೆಸುಗೆ ಹಾಕಿಲ್ಲ. ಬೂಟ್‌ಲೋಡರ್ (ರೂಟರ್ ಆನ್ ಆದಾಗ ಮೊದಲು ಓಡೋ ಸಣ್ಣ ಪ್ರೋಗ್ರಾಂ) ಉಳಿದಿದ್ರೆ ಅಲ್ಲಿಂದ ಎಬ್ಬಿಸಬಹುದು. ಗಂಗಾವತಿ, ಕೊಪ್ಪಳ ಕಡೆ ಯಾರ ಹತ್ರಾದ್ರೂ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ (ಕಂಪ್ಯೂಟರಿನ ಯುಎಸ್‌ಬಿಗೆ ಆ ಸೀರಿಯಲ್ ಜೋಡಿಸೋದು) ಇದ್ರ ಎರಡು ದಿನದ ಮಟ್ಟಿಗೆ ಕೊಡ್ರಿ. 3.3 ವೋಲ್ಟಿಂದೇ ಬೇಕು, 5 ವೋಲ್ಟಿಗೆ ಚಿಪ್ ಸುಡಬಹುದು. ಬೆಸುಗೆ ಹಾಕಿ ಕೊಡೋರಿದ್ರೂ ತಿಳಿಸ್ರಿ, ನಾನೇ ಬರ್ತೀನಿ.