ಹಳೇ ಬೋಟ್ ಮೋಟರ್ ಮೇಲೆ ಅರ್ಧ ಅಳಿಸಿದ ಅಂಗಡಿ ಹೆಸರು: ಜಾಡು ಹಿಡಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರುವುದು ಸಿಡ್ನಿಯಲ್ಲಿ. ಕಳೆದ ತಿಂಗಳು ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಒಂದು ಹಳೇ ಬ್ರಿಟಿಷ್ ಸೀಗಲ್ ಔಟ್‌ಬೋರ್ಡ್ ಮೋಟರ್ ತಂದೆ. (ಸೀಗಲ್ ಬ್ರ್ಯಾಂಡ್ ಹೆಸರು. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟರ್.) ನನ್ನ ಹತ್ತಿರ ದೋಣಿ ಇಲ್ಲ, ಈಜೂ ಬರುವುದಿಲ್ಲ. ಹಿತ್ತಾಳೆ ಟ್ಯಾಂಕ್ ನೋಡಿ ಆಸೆಯಾಯಿತು, ಅಷ್ಟೇ. ಮನೆಯಲ್ಲಿ ಬೈಗುಳ ಇನ್ನೂ ನಿಂತಿಲ್ಲ.

ಟ್ಯಾಂಕಿನ ಮೇಲೆ ಅದನ್ನು ಮಾರಿದ ಅಂಗಡಿಯ ಸ್ಟಿಕ್ಕರ್ ಇದೆ. ಹೆಸರಿನಲ್ಲಿ ಉಳಿದಿರುವುದು ‘ಅಂಡ್ ಸನ್ಸ್, ಮರೀನ್’ ಮಾತ್ರ. ಕೆಳಗೆ ಪ್ರಿನ್ಸಸ್ ಹೈವೇ ಎಂದಿದೆ. ಫೋನ್ ನಂಬರ್ ‘ಎಲ್‌ಯು’ ಅನ್ನುವ ಎರಡು ಅಕ್ಷರದಿಂದ ಶುರುವಾಗುತ್ತದೆ, ಆಮೇಲೆ ನಾಲ್ಕು ಅಂಕಿ. ಈ ಅಂಗಡಿ ಯಾರದ್ದು, ಎಷ್ಟು ವರ್ಷ ಇತ್ತು ಎಂದು ಹುಡುಕಬೇಕು. ಆದರೆ ಆ ಕಾಲದ ಬೇರೆ ಔಟ್‌ಬೋರ್ಡ್ ಡೀಲರ್‌ಗಳ ಬಗ್ಗೆಯೂ ಒಂದಿಷ್ಟು ಬರೆದಿಡುವ ಆಸೆ. ಇಂಥ ಹುಡುಕಾಟ ಮಾಡಿದವರು ಇದ್ದರೆ ಎಲ್ಲಿಂದ ಶುರು ಮಾಡಿದಿರಿ ಹೇಳಿ.

ಹಳೇ ಪೇಪರ್ ಹುಚ್ಚ, ಮೆಲ್ಬರ್ನ್

ಸರ್, ಮೊದಲು ಟ್ರೋವ್. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟ್, 2009ರಿಂದ ಇದೆ, ಕಾಸು ಕೊಡಬೇಕಿಲ್ಲ. ನೂರಾರು ಹಳೇ ಪತ್ರಿಕೆಗಳು ಪುಟ ಪುಟವಾಗಿ ಸಿಗುತ್ತವೆ. ಆದರೆ ಒಂದು ಮಾತು ಈಗಲೇ ತಿಳಿದಿರಲಿ. ಕಾಪಿರೈಟ್ ಕಾರಣಕ್ಕೆ ಬಹುಪಾಲು ಪತ್ರಿಕೆಗಳು 1954ಕ್ಕೆ ನಿಂತುಬಿಡುತ್ತವೆ. ಕ್ಯಾನ್‌ಬೆರಾ ಟೈಮ್ಸ್‌ನಂಥ ಕೆಲವು ಮಾತ್ರ ಮುಂದಕ್ಕೆ ಹೋಗುತ್ತವೆ. ನನಗೆ ಇದು ಗೊತ್ತಿರಲಿಲ್ಲ. ಒಂದು ಅಂಗಡಿ 1954ರಲ್ಲಿ ಮುಚ್ಚಿತು ಎಂದು ಬರೆದಿಟ್ಟಿದ್ದೆ. ಅದು 70ರ ದಶಕದವರೆಗೂ ಚೆನ್ನಾಗಿಯೇ ನಡೆದಿತ್ತು!

ಎರಡನೆಯದು, ಹುಡುಕುವ ಪದ. ‘ಔಟ್‌ಬೋರ್ಡ್’ ಎಂದು ಹಾಕಿದರೆ ಶುರುವಿನ ಕಾಲದ ಜಾಹೀರಾತುಗಳು ಕೈಗೆ ಬರುವುದಿಲ್ಲ. ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮೋಟರ್ ಮಾಡಿದಾಗ ಅದನ್ನು ಮಾರಿದ್ದು ‘ಡಿಟ್ಯಾಚಬಲ್ ರೋಬೋಟ್ ಮೋಟರ್’ ಎಂಬ ಹೆಸರಿನಲ್ಲಿ. (ರೋಬೋಟ್ ಅಂದರೆ ಯಂತ್ರಮಾನವ ಅಲ್ಲ, ಹುಟ್ಟು ಹಾಕುವ ದೋಣಿ!) ಹಾಗಾಗಿ ‘ಡಿಟ್ಯಾಚಬಲ್’, ‘ಪೋರ್ಟಬಲ್’ ಇವನ್ನೂ ಹಾಕಿ ನೋಡಿ.

ಬ್ರ್ಯಾಂಡ್ ಹೆಸರು ಹಾಕುವುದು ಇನ್ನೊಂದು ತಲೆನೋವು. ‘ಜಾನ್ಸನ್’ ಎಂದರೆ ಆ ಹೆಸರಿನ ಪ್ರತಿಯೊಬ್ಬ ಮನುಷ್ಯನೂ ಎದ್ದು ಬರುತ್ತಾನೆ. ‘ಸೀಹಾರ್ಸ್’ ಎಂದು ಅವರ ಮಾಡೆಲ್ ಹೆಸರನ್ನು ಜೊತೆಗೆ ಹಾಕಿ. ‘ಮರ್ಕ್ಯುರಿ’ ಎಂದು ಹಾಕಿದಿರೋ, ಹೋಬಾರ್ಟ್‌ನ ‘ದಿ ಮರ್ಕ್ಯುರಿ’ ಪತ್ರಿಕೆ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ‘ಸೀಗಲ್’ಗೆ ಹಕ್ಕಿಗಳು. ಎಲ್ಲಕ್ಕಿಂತ ಸುಲಭ ‘ಎಲ್ಟೊ’. ಎವಿನ್‌ರೂಡ್ ತನ್ನ ಮೊದಲ ಕಂಪನಿ ಬಿಟ್ಟ ಮೇಲೆ 1921ರಲ್ಲಿ ಶುರು ಮಾಡಿದ ಬ್ರ್ಯಾಂಡ್ ಅದು. ಬೇರೆ ಯಾವುದಕ್ಕೂ ಆ ಹೆಸರು ಜಾಸ್ತಿ ಬಳಕೆಯಾಗಿಲ್ಲ.

ಟ್ರೋವ್ ಹುಡುಕುವುದು ಪುಟದ ಚಿತ್ರದಿಂದ ಯಂತ್ರ ಓದಿದ ಅಕ್ಷರಗಳಲ್ಲಿ, ಅವುಗಳಲ್ಲಿ ತಪ್ಪು ಇದ್ದೇ ಇರುತ್ತದೆ. ಸಣ್ಣ ಅಕ್ಷರದ ವರ್ಗೀಕೃತ ಜಾಹೀರಾತುಗಳಲ್ಲಂತೂ ಕೇಳಲೇಬೇಡಿ. ಅದಕ್ಕೇ ನಾನು ಅಂಗಡಿ ಹೆಸರಿಗಿಂತ ವಿಳಾಸ ಹಾಕಿ ಹುಡುಕುತ್ತೇನೆ. ಹೆಸರು ಬದಲಾಗುತ್ತದೆ, ಅಪ್ಪ ಹೋಗಿ ಮಗ ಬರುತ್ತಾನೆ, ಅಂಗಡಿ ಮಾತ್ರ ಅಲ್ಲೇ ಇರುತ್ತದೆ.

ಫೋನ್ ಬುಕ್ ಅಜ್ಜಿ, ಸಿಡ್ನಿ

ನೋಡಪ್ಪಾ, ನೀನು ಹೆಸರಿಗೆ ತಲೆ ಕೆಡಿಸಿಕೊಂಡಿದ್ದೀಯ. ನಿನ್ನ ಕೈಯಲ್ಲಿರುವ ಒಳ್ಳೇ ಸುಳಿವು ಆ ಫೋನ್ ನಂಬರ್.

ಆಗಿನ ಆಸ್ಟ್ರೇಲಿಯಾದ ಡಯಲ್‌ನಲ್ಲಿ ಒಂದೊಂದು ಅಂಕಿಗೆ ಒಂದೊಂದೇ ಅಕ್ಷರ. ಎ ಅಂದರೆ 1, ಬಿ 2, ಎಫ್ 3, ಜೆ 4, ಎಲ್ 5, ಎಂ 6, ಯು 7, ಡಬ್ಲ್ಯು 8, ಎಕ್ಸ್ 9, ವೈ 0. ಹಾಗಾಗಿ ಎಲ್‌ಯು ಅಂದರೆ 57. ಅದು ಸಿಡ್ನಿಯ ದಕ್ಷಿಣದಲ್ಲಿರುವ ಹರ್ಸ್ಟ್‌ವಿಲ್ ಕಡೆಯ ನಂಬರ್. ಪ್ರಿನ್ಸಸ್ ಹೈವೇ ಎಂದಿರುವುದಕ್ಕೂ ಹೊಂದುತ್ತದೆ, ಅಲ್ವಾ? ಆ ಹೈವೇ ಕೊಗರಾ, ಬ್ಲೇಕ್‌ಹರ್ಸ್ಟ್ ದಾಟಿ ಟಾಮ್ ಅಗ್ಲೀಸ್ ಸೇತುವೆಯ ಮೇಲೆ ಜಾರ್ಜಸ್ ನದಿ ದಾಟುತ್ತದೆ. ದೋಣಿ ಮಾರಲು ಅದಕ್ಕಿಂತ ಒಳ್ಳೇ ಜಾಗ ಬೇಕೇ?

1960ರ ದಶಕದಲ್ಲಿ ಅಕ್ಷರಗಳು ಹೋಗಿ ಬರೀ ಅಂಕಿ ಬಂತು. ನಾಲ್ಕಂಕಿಯ ಪೋಸ್ಟ್‌ಕೋಡ್ ಬಂದದ್ದು 1967ರಲ್ಲಿ. ಪೌಂಡ್ ಹೋಗಿ ಡಾಲರ್ ಬಂದದ್ದು 14 ಫೆಬ್ರವರಿ 1966. ನಿನ್ನ ಸ್ಟಿಕ್ಕರಿನಲ್ಲಿ ಅಕ್ಷರ ಇದೆ, ಪೋಸ್ಟ್‌ಕೋಡ್ ಇಲ್ಲ. ಅಂದರೆ 60ರ ದಶಕದ ಶುರುವಿಗಿಂತ ಈಚಿನದಾಗಿರುವುದು ಕಷ್ಟ. ಹಳೇ ಬೆಲೆಪಟ್ಟಿ ಸಿಕ್ಕರೂ ಇದೇ ಲೆಕ್ಕ ಹಾಕು.

ಇನ್ನು ರಾಜ್ಯ ಗ್ರಂಥಾಲಯಕ್ಕೆ ಹೋಗಿ ಹಳೇ ಫೋನ್ ಡೈರೆಕ್ಟರಿ ಕೇಳು. ವ್ಯಾಪಾರಿಗಳ ಭಾಗ ಆಗ ಹಳದಿ ಅಲ್ಲ, ಗುಲಾಬಿ ಹಾಳೆ. ‘ಪಿಂಕ್ ಪೇಜಸ್’ ಎನ್ನುತ್ತಿದ್ದರು. ಅದರಲ್ಲಿ ಬೋಟ್ ಮೋಟರಿನವರೆಲ್ಲ ಒಂದೇ ಕಡೆ ಸಿಗುತ್ತಾರೆ. ಎರಡು ಮೂರು ವರ್ಷಕ್ಕೊಂದು ಪುಸ್ತಕ ತೆಗೆದು ನೋಡಿದರೆ ಯಾರು ಬಂದರು, ಯಾರು ಹೋದರು ತಿಳಿಯುತ್ತದೆ. ನಾನು ಟೋಪಿ ಅಂಗಡಿಗಳಿಗೆ ಹೀಗೆ ಮಾಡಿದ್ದೆ. ಬೆನ್ನು ನೋವು ಬರುತ್ತದೆ, ಊಟ ಕಟ್ಟಿಕೊಂಡು ಹೋಗು.

ಅಡಿಲೇಡ್ ಭಟ್ಟ

ನಮ್ಮ ಕಡೆ ನೀವು ಬಂದಿದ್ದರೆ ಕೆಲಸ ಸಲೀಸಾಗುತ್ತಿತ್ತು! ದಕ್ಷಿಣ ಆಸ್ಟ್ರೇಲಿಯಾದ ಸ್ಯಾಂಡ್ಸ್ ಅಂಡ್ ಮ್ಯಾಕ್‌ಡೂಗಲ್ ಡೈರೆಕ್ಟರಿ 1973ರವರೆಗೂ ಬಂದಿದೆ, ಮೆಲ್ಬರ್ನ್‌ನದ್ದು 1974ರವರೆಗೆ. ಬೀದಿ ಹಿಡಿದು ಮನೆ ಮನೆ ಲೆಕ್ಕ. ಸಿಡ್ನಿಯ ಸ್ಯಾಂಡ್ಸ್ ಡೈರೆಕ್ಟರಿ ಮಾತ್ರ 1932–33ಕ್ಕೆ ನಿಂತಿತು. ನಿಮಗೆ ಬೇಕಾದ ಕಾಲ ಅದರ ಆಚೆಗಿದೆ. ಅಲ್ಲಿಗೆ ಯೂನಿವರ್ಸಲ್ ಬಿಸಿನೆಸ್ ಡೈರೆಕ್ಟರಿ ನೋಡಿ. ಯುಬಿಡಿ ಎಂದರೆ ನಮಗೆ ಕಾರಿನಲ್ಲಿಡುವ ರಸ್ತೆ ಮ್ಯಾಪ್ ಪುಸ್ತಕ ನೆನಪಾಗುತ್ತದಲ್ಲ, ಅವರೇ.

ಒಂದು ಎಚ್ಚರಿಕೆ. ಬೀದಿಯ ನಂಬರ್‌ಗಳನ್ನು ನಂಬಬೇಡಿ. ಹೈವೇಯಂಥ ಉದ್ದ ರಸ್ತೆಯಲ್ಲಿ ಒಂದೇ ನಂಬರ್ ಎರಡು ಬಡಾವಣೆಗಳಲ್ಲಿ ಇರಬಹುದು. ಮಧ್ಯೆ ಹೊಸ ನಂಬರ್ ಕೊಟ್ಟಿರಲೂಬಹುದು. ಪಕ್ಕದ ಅಂಗಡಿ, ಅಡ್ಡರಸ್ತೆ ಯಾವುದು ಎಂದು ಜೊತೆಗೆ ಬರೆದಿಟ್ಟುಕೊಳ್ಳಿ.

ಮಲ್ಪೆಯ ಮಗ, ಪರ್ತ್

ಅಣ್ಣಾ, ನಾನು ಮೋಟರ್ ಕಡೆಯಿಂದ ಹೇಳುತ್ತೇನೆ. ನಮ್ಮ ಮನೆಯ ನಾಡದೋಣಿಗೆ ಔಟ್‌ಬೋರ್ಡ್ ಇತ್ತು. ಸೀಮೆಎಣ್ಣೆ ವಾಸನೆಯಲ್ಲೇ ಬೆಳೆದವನು ನಾನು. ಇಲ್ಲಿಗೆ ಬಂದ ಮೇಲೆ ಹಳೇ ಮೋಟರ್ ರಿಪೇರಿ ಚಟ ಹತ್ತಿತು.

ಮೊದಲ ಮಾತು: ಆ ಸ್ಟಿಕ್ಕರನ್ನು ಉಜ್ಜಬೇಡಿ! ನಾನು ಒಂದು ಎವಿನ್‌ರೂಡ್ ಮೇಲಿನ ಜಿಡ್ಡು ತೆಗೆಯಲು ಥಿನ್ನರ್ ಹಚ್ಚಿದೆ. ಜಿಡ್ಡಿನ ಜೊತೆಗೆ ಅಂಗಡಿ ಹೆಸರೂ ಬಟ್ಟೆಗೆ ಬಂತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ರಾತ್ರಿ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಬಣ್ಣ ಹೋದರೂ ಅಕ್ಷರದ ಅಚ್ಚು ಕೆಲವೊಮ್ಮೆ ಉಳಿದಿರುತ್ತದೆ.

ಎರಡನೆಯದು, ಸೀರಿಯಲ್ ನಂಬರಿನಿಂದ ಮೋಟರ್ ತಯಾರಾದ ಕಾಲ ಗೊತ್ತಾಗಬಹುದು. ಅದೇ ವರ್ಷ ಅಂಗಡಿಯಲ್ಲಿ ಮಾರಾಟವಾಯಿತು ಎನ್ನುವಂತಿಲ್ಲ. ಹಡಗಿನಲ್ಲಿ ಬರಬೇಕು, ಗೋಡೌನಿನಲ್ಲಿ ಕೂರಬೇಕು. ಸ್ಟಿಕ್ಕರ್ ರಿಪೇರಿ ಮಾಡಿದ ಅಂಗಡಿಯದ್ದೂ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಮಾರಿದವರು ತಮ್ಮದನ್ನು ಅಂಟಿಸಿದ್ದನ್ನೂ ನೋಡಿದ್ದೇನೆ. ಜಾನ್ಸನ್, ಎವಿನ್‌ರೂಡ್ ಸಿಕ್ಕಾಗ ಪ್ಲೇಟ್ ಓದಿ. ಕೆನಡಾದ ಪೀಟರ್‌ಬರೋ ಎಂದಿದ್ದರೆ ಅಮೆರಿಕದ ಮಾಡೆಲ್ ಪಟ್ಟಿಗೆ ಹೊಂದಲಿಲ್ಲ ಎಂದು ಗಾಬರಿಯಾಗಬೇಡಿ. ಅಲ್ಲೂ ಅವರ ಕಾರ್ಖಾನೆ ಇತ್ತು.

ಇಲ್ಲಿ ಬ್ರಿಟಿಷ್ ಮೋಟರ್ ಯಾಕಷ್ಟು ಬಂತು ಎನ್ನುವುದೇ ಒಂದು ಕಥೆ. ಯುದ್ಧದಲ್ಲಿ ಪೆಟ್ರೋಲ್ ರೇಷನ್ ಆಯಿತು. 1940ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಡುವೆ ಕೆಲವು ತಿಂಗಳು ಬಿಟ್ಟರೆ 1950ರ ಫೆಬ್ರವರಿವರೆಗೂ ಇತ್ತು. ಮೋಜಿಗೆ ದೋಣಿ ಓಡಿಸುವವರಿಗೆ ಪೆಟ್ರೋಲ್ ಎಲ್ಲಿಂದ ಬರಬೇಕು? ಯುದ್ಧ ಮುಗಿದ ಮೇಲೆ ಅಮೆರಿಕದ ಡಾಲರ್ ಅಭಾವ. ಆಸ್ಟ್ರೇಲಿಯಾ ಸ್ಟರ್ಲಿಂಗ್ ವಲಯದಲ್ಲಿತ್ತು, ಅಂದರೆ ಬ್ರಿಟಿಷ್ ಪೌಂಡ್ ನೆಚ್ಚಿಕೊಂಡ ದೇಶಗಳ ಗುಂಪಿನಲ್ಲಿ. ಅಮೆರಿಕದ ಮಾಲು ತರಿಸಲು ಲೈಸೆನ್ಸ್ ಸಿಗುವುದು ಕಷ್ಟ, ಇಂಗ್ಲೆಂಡಿನದ್ದಕ್ಕೆ ಅಷ್ಟು ಕಷ್ಟವಿಲ್ಲ. 1952ರ ಮಾರ್ಚ್‌ನಲ್ಲಿ ಬ್ರಿಟಿಷ್ ಮಾಲಿಗೂ ಕತ್ತರಿ ಬಿತ್ತು. ಲೈಸೆನ್ಸ್ ಪದ್ಧತಿ ಬಹುಪಾಲು ಹೋದದ್ದು 1960ರ ಫೆಬ್ರವರಿಯಲ್ಲಿ. ಡೀಲರ್‌ಗಳ ಜಾಹೀರಾತನ್ನು ಈ ತಾರೀಖುಗಳ ಪಕ್ಕದಲ್ಲಿಟ್ಟು ಓದಿ. ಹೊಸ ಮೋಟರ್ ಜಾಹೀರಾತು ನಿಂತು ‘ರಿಪೇರಿ, ಬಿಡಿಭಾಗ, ಹಳೇ ಮೋಟರ್ ಕೊಳ್ಳುತ್ತೇವೆ’ ಎಂದು ಬಂದರೆ ಆ ಮನುಷ್ಯ ದಿವಾಳಿ ಎಂದು ತಿಳಿಯಬೇಡಿ. ಅವನ ಹತ್ತಿರ ಮಾಲು ಇಲ್ಲ, ಅಷ್ಟೇ.

ಗೆಜೆಟ್ ಗೌಡ್ತಿ, ಬ್ರಿಸ್ಬೇನ್

‘ಅಂಡ್ ಸನ್ಸ್’ ಎಂದಿದೆಯಲ್ಲ, ಅಲ್ಲೇ ಹಿಡಿಯಿರಿ. ನ್ಯೂ ಸೌತ್ ವೇಲ್ಸ್ ಸರ್ಕಾರಿ ಗೆಜೆಟ್ ಕೂಡ ಟ್ರೋವ್‌ನಲ್ಲಿ ಇದೆ. ಅದು 1954ಕ್ಕೆ ನಿಲ್ಲುವುದಿಲ್ಲ. ಪಾಲುದಾರಿಕೆ ಮುರಿದದ್ದು, ಕಂಪನಿ ಮುಚ್ಚಿದ್ದು, ಸತ್ತವರ ಆಸ್ತಿಯ ನೋಟಿಸು, ಇಂಥವೆಲ್ಲ ಅದರಲ್ಲಿ ಸಿಗುತ್ತವೆ. ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದ ತಾರೀಖು ಮನೆಯವರಿಗೆ ಮರೆತಿರುತ್ತದೆ, ಗೆಜೆಟ್ ಮರೆಯುವುದಿಲ್ಲ.

‘ಸೋಲ್ ಏಜೆಂಟ್’ ಎಂಬ ಮಾತಿಗೆ ಮರುಳಾಗಬೇಡಿ. ಒಂದೇ ಬ್ರ್ಯಾಂಡಿಗೆ ಮೂವರು ‘ಏಕೈಕ’ ಏಜೆಂಟರು ಸಿಕ್ಕಿದ್ದರು ನನಗೆ. ಒಬ್ಬರು ಇಡೀ ರಾಜ್ಯಕ್ಕೆ ತರಿಸುವವರು, ಇನ್ನೊಬ್ಬರು ಒಂದು ಊರಿಗೆ, ಮೂರನೆಯವರು ಸೈಕಲ್ ಅಂಗಡಿ ಇಟ್ಟುಕೊಂಡು ಕಿಟಕಿಯಲ್ಲಿ ಒಂದು ಮೋಟರ್ ನಿಲ್ಲಿಸಿದವರು. ಆಗ ಹಾರ್ಡ್‌ವೇರ್, ಸೈಕಲ್, ಕಾರಿನ ಗರಾಜಿನವರೂ ಇವನ್ನು ಮಾರುತ್ತಿದ್ದರು. ‘ಮರೀನ್’ ಎಂಬ ಹೆಸರಿನವರನ್ನೇ ಹುಡುಕಿದರೆ ಅರ್ಧ ಜನ ತಪ್ಪಿಹೋಗುತ್ತಾರೆ.

ಮನೆಯವರನ್ನು ಹುಡುಕುವುದಾದರೆ ಸ್ವಲ್ಪ ನಿಧಾನ. ನಾನು ಅದೇ ಅಡ್ಡಹೆಸರಿನ ಬೇರೊಂದು ಮನೆಗೆ ಪತ್ರ ಬರೆದು ‘ನಿಮ್ಮ ತಂದೆಯವರ ಅಂಗಡಿ ಮುಚ್ಚಿದ ಕಾರಣವೇನು’ ಎಂದು ಕೇಳಿದ್ದೆ. ಆ ತಂದೆ ಅಂಗಡಿಯವರೇ ಅಲ್ಲ, ಪಾದ್ರಿ. ರೈಯರ್ಸನ್ ಇಂಡೆಕ್ಸ್ ಎಂಬಲ್ಲಿ ಪತ್ರಿಕೆಗಳ ಮರಣ ಪ್ರಕಟಣೆಗಳ ಸೂಚಿ ಇದೆ, ಮೊದಲು ಅಲ್ಲಿ ಖಾತ್ರಿ ಮಾಡಿಕೊಳ್ಳಿ. ಪತ್ರದಲ್ಲಿ ಕಷ್ಟದ ಪ್ರಶ್ನೆ ಬೇಡ, ಸ್ಟಿಕ್ಕರಿನ ಫೋಟೋ ಸಾಕು.

ಹಳೇ ಪೇಪರ್ ಹುಚ್ಚ, ಮತ್ತೆ

ಅಜ್ಜಿ ಹರ್ಸ್ಟ್‌ವಿಲ್ ಎಂದಿದ್ದಕ್ಕೆ ನೆನಪಾಯಿತು. ಅಲ್ಲಿನ ಸ್ಥಳೀಯ ಪತ್ರಿಕೆಯ ಹೆಸರೇ ‘ದಿ ಪ್ರೊಪೆಲ್ಲರ್’! ಟ್ರೋವ್‌ನಲ್ಲಿ ಇದೆ. ಬೋಟಿನ ಪ್ರೊಪೆಲ್ಲರ್ ಹುಡುಕಲು ಹೋಗಿ ನಾನು ಒಂದು ಸಂಜೆ ಪೂರ್ತಿ ಹರ್ಸ್ಟ್‌ವಿಲ್ ಕೌನ್ಸಿಲ್ ಸಭೆಗಳನ್ನು ಓದಿದ್ದೇನೆ. ಸಾಹೇಬರೇ, ದೊಡ್ಡ ಪತ್ರಿಕೆಗಿಂತ ಮೊದಲು ಅದನ್ನು ತೆಗೆಯಿರಿ. ಸಣ್ಣ ಅಂಗಡಿಯವರು ಜಾಹೀರಾತು ಕೊಡುತ್ತಿದ್ದದ್ದು ಇಂಥವಕ್ಕೇ. ಹರ್ಸ್ಟ್‌ವಿಲ್, ಕೊಗರಾ ಕೌನ್ಸಿಲ್‌ಗಳು 2016ರಲ್ಲಿ ಒಂದಾಗಿ ಜಾರ್ಜಸ್ ರಿವರ್ ಕೌನ್ಸಿಲ್ ಆದವು. ಅದರ ಗ್ರಂಥಾಲಯದಲ್ಲಿ ಸ್ಥಳೀಯ ಇತಿಹಾಸದ ವಿಭಾಗ ಇದೆ, ಕೇಳಿ ನೋಡಿ.

ಬೋಟ್ ಪತ್ರಿಕೆ ಬೇಕಿದ್ದರೆ ‘ಸೀಕ್ರಾಫ್ಟ್’ ಕೇಳಿ. ಡಾರ್ಲಿಂಗ್ ಹಾರ್ಬರ್‌ನಲ್ಲಿರುವ ರಾಷ್ಟ್ರೀಯ ಕಡಲ ಮ್ಯೂಸಿಯಂಗೆ ತನ್ನದೇ ಗ್ರಂಥಾಲಯ ಇದೆ, ವಾನ್ ಇವಾನ್ಸ್ ಲೈಬ್ರರಿ ಎಂದು ಹೆಸರು. ದೊಡ್ಡ ಜಾಹೀರಾತಿನ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ರಾಜ್ಯವಾರು ಡೀಲರ್‌ಗಳ ಪಟ್ಟಿ ಇದ್ದರೆ ಬಿಡಬೇಡಿ.

ಪ್ರಶ್ನೆ ಕೇಳಿದವನು, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ಉಪಾಯ ಕೆಲಸ ಮಾಡಿತು. ಹೆಸರಿನ ಕೊನೆಯ ನಾಲ್ಕು ಅಕ್ಷರ ಕಂಡಿತು. ಓದಿದ್ದು ನಾನಲ್ಲ, ಬೈಯುತ್ತಿದ್ದ ಹೆಂಡತಿ. ಪಿಂಕ್ ಪೇಜಸ್‌ನಲ್ಲಿ ಅದೇ ಫೋನ್ ನಂಬರ್ ಸಿಕ್ಕಿತು, ಅಜ್ಜೀ! ಪೂರ್ತಿ ಹೆಸರೂ ಸಿಕ್ಕಿತು. ಕುಟುಂಬದವರು ಯಾರಾದರೂ ಇದ್ದಾರು ಎಂದು ಇಲ್ಲಿ ಬರೆಯುತ್ತಿಲ್ಲ. ಆ ಹೆಸರು ಹಿಡಿದು ಪ್ರೊಪೆಲ್ಲರ್‌ನಲ್ಲಿ ಹಿಂದಕ್ಕೆ ಹೋದರೆ ಅದೇ ವಿಳಾಸದಲ್ಲಿ ಅವರದ್ದೇ ಸೈಕಲ್ ಅಂಗಡಿ. ‘ಸನ್ಸ್’ ಇನ್ನೂ ಬಂದಿರಲಿಲ್ಲ.

ಶನಿವಾರ ಆ ಜಾಗಕ್ಕೂ ಹೋಗಿ ಬಂದೆ. ಈಗ ಟೈರ್ ಅಂಗಡಿ. ಒಳಗಿದ್ದವರಿಗೆ ಏನೂ ಗೊತ್ತಿರಲಿಲ್ಲ, ಟೀ ಮಾತ್ರ ಕೊಟ್ಟರು. ಸೈಕಲ್‌ನಿಂದ ಮೋಟರಿಗೆ ಯಾವ ವರ್ಷ ಬದಲಾದರು ಎನ್ನುವುದು 1954ರ ಆಚೆಗೆ ಸಿಕ್ಕಿಹಾಕಿಕೊಂಡಿದೆ. ಮುಂದಿನ ವಾರ ಗೆಜೆಟ್ ಹಿಡಿಯುತ್ತೇನೆ. ಮಲ್ಪೆ ತಮ್ಮಾ, ಇದಕ್ಕೆ ಪೆಟ್ರೋಲ್‌ಗೆ ಎಷ್ಟು ಎಣ್ಣೆ ಬೆರೆಸಬೇಕು? ಹೆಂಡತಿ ಈಗ ಸ್ಟಾರ್ಟ್ ಮಾಡಿ ತೋರಿಸಿ ಎನ್ನುತ್ತಿದ್ದಾಳೆ.

ಮಲ್ಪೆಯ ಮಗ, ಪರ್ತ್

ಹಳೇ ಸೀಗಲ್‌ಗೆ ಹತ್ತಕ್ಕೆ ಒಂದು ಅಣ್ಣಾ. ಹೊಗೆ ಜೋರಾಗಿ ಬರುತ್ತದೆ. ಒಂದು ಡ್ರಮ್ಮಿನಲ್ಲಿ ನೀರು ತುಂಬಿಸಿ, ಅದರೊಳಗೆ ಇಳಿಸಿಯೇ ಸ್ಟಾರ್ಟ್ ಮಾಡಿ. ಒಣಗಿದ್ದಾಗ ಓಡಿಸಬೇಡಿ. ಬಟ್ಟೆ ಒಣಹಾಕಿದ್ದರೆ ಮೊದಲು ತೆಗೆಯಿರಿ.