ಮಗನ ಮೊದಲ ಸಂಬಳ: ಕ್ರೆಡಿಟ್ ಕಾರ್ಡ್ ಬೇಕಾ, ಡೆಬಿಟ್ ಕಾರ್ಡ್ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಕೈಗೆ 28,000 ಬರುತ್ತದೆ. ಕ್ರೆಡಿಟ್ ಕಾರ್ಡ್ ತಗೊಳ್ಳಿ ಅಂತ ಬ್ಯಾಂಕಿನವರು ದಿನಾ ಫೋನ್ ಮಾಡುತ್ತಿದ್ದಾರೆ. ಇವನಿಗೂ ಆಸೆ, ಆನ್‌ಲೈನ್ ಖರೀದಿಗೆ ಅದೇ ಸೇಫ್ ಅನ್ನುತ್ತಾನೆ. ನಮ್ಮ ಯಜಮಾನರು ಸಾಲದ ಸಹವಾಸವೇ ಬೇಡ, ಡೆಬಿಟ್ ಕಾರ್ಡ್ ಸಾಕು ಅನ್ನುತ್ತಾರೆ. ನೀವು ಬ್ಯಾಂಕಿನಲ್ಲಿ ಇದ್ದವರು, ಯಾರ ಮಾತು ಸರಿ?

ಉತ್ತರ: ನಮಸ್ಕಾರ ಅಮ್ಮ. ಆನ್‌ಲೈನ್ ವಿಷಯದಲ್ಲಿ ಮಗ ಹೇಳುವುದು ಸರಿ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ಹೋಗುವುದು ಅವನದೇ ಸಂಬಳದ ದುಡ್ಡು. ರಿಸರ್ವ್ ಬ್ಯಾಂಕ್ 2017ರಲ್ಲಿ ಮಾಡಿದ ನಿಯಮ ಎರಡೂ ಕಾರ್ಡಿಗೆ ಅನ್ವಯಿಸುತ್ತದೆ. ಹೊರಗಿನವರು ಮಾಡಿದ ಮೋಸವಾಗಿದ್ದು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಆ ಹಣವನ್ನು ಖಾತೆಗೆ ಹಾಕಲು ಬ್ಯಾಂಕಿಗೆ 10 ಕೆಲಸದ ದಿನ ಟೈಮ್ ಇದೆ. ಅಷ್ಟರಲ್ಲಿ ಪಿಜಿ ಬಾಡಿಗೆ ಕಟ್ಟುವ ದಿನ ಬಂದರೆ ಏನು ಮಾಡುತ್ತಾನೆ? ಕ್ರೆಡಿಟ್ ಕಾರ್ಡಿನಲ್ಲಾದರೆ ಮೊತ್ತ ಬಿಲ್ಲಿನಲ್ಲಿ ಕಾಣುತ್ತದೆ, ತಕರಾರು ಹಾಕಬಹುದು, ಸಂಬಳ ಖಾತೆಯಲ್ಲೇ ಇರುತ್ತದೆ. ಒಟಿಪಿಯನ್ನು ತಾನೇ ಹೇಳಿಬಿಟ್ಟರೆ ಮಾತ್ರ, ಯಾವ ಕಾರ್ಡಾದರೂ ಸರಿ, ದೂರು ಕೊಡುವವರೆಗಿನ ನಷ್ಟ ಅವನದೇ. ಹಾಗೇನಾದರೂ ಆದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಲಿ.

ಇನ್ನು ಯಜಮಾನರ ಭಯ. ಅದು ಸುಮ್ನೆ ಭಯವಲ್ಲ. 20,000 ಬಿಲ್ ಬಂತು ಅಂದುಕೊಳ್ಳಿ. ಅದರ ಕೆಳಗೇ ‘ಮಿನಿಮಮ್ ಡ್ಯೂ 1,000’, ಅಂದರೆ ಈಗ ಕನಿಷ್ಠ ಇಷ್ಟು ಕಟ್ಟಿ ಅಂತ ಇರುತ್ತದೆ. ಅಷ್ಟು ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಹುಡುಗರು ನಿರಾಳವಾಗಿಬಿಡುತ್ತಾರೆ. ಆದರೆ ಉಳಿದ 19,000ಕ್ಕೆ ತಿಂಗಳಿಗೆ 3.5% ಲೆಕ್ಕದಲ್ಲಿ ಬಡ್ಡಿ 665, ಅದರ ಮೇಲೆ 18% ಜಿಎಸ್‌ಟಿ ಸುಮಾರು 120. ಮುಂದಿನ ತಿಂಗಳು ಮತ್ತೆ 1,000 ಕಟ್ಟಿದರೂ ಅಸಲಿಗೆ ಹೋಗುವುದು ಬರೀ 215 ರೂಪಾಯಿ! ಜೊತೆಗೆ, ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಶುರು. ಇಂಥ ಬಾಕಿಯಲ್ಲಿ ಸಿಕ್ಕಿಕೊಂಡ ಎಷ್ಟೋ ಮಕ್ಕಳು ಕೌಂಟರಿನ ಮುಂದೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಕಾರ್ಡ್ ತಗೊಳ್ಳಲಿ, ಆದರೆ ಒಂದೇ ಒಂದು, ವಾರ್ಷಿಕ ಶುಲ್ಕ ಇಲ್ಲದ್ದು. ಕಾರ್ಡ್ ಬಂದ ದಿನವೇ ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ ಹಾಕಿಸಿ, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿಯೇ ಕಟ್ಟಿಹೋಗುವ ಹಾಗೆ. ಫಾರ್ಮಿನಲ್ಲಿ ‘ಟೋಟಲ್ ಡ್ಯೂ’, ‘ಮಿನಿಮಮ್ ಡ್ಯೂ’ ಅಂತ ಎರಡು ಆಯ್ಕೆ ಇರುತ್ತವೆ, ಮೊದಲನೆಯದನ್ನೇ ಆರಿಸಬೇಕು. ಎಟಿಎಂನಲ್ಲಿ ದುಡ್ಡು ತೆಗೆಯಲು ಡೆಬಿಟ್ ಕಾರ್ಡ್ ಮಾತ್ರ. ಕ್ರೆಡಿಟ್ ಕಾರ್ಡಿನಲ್ಲಿ ತೆಗೆದರೆ ಶುಲ್ಕವೂ ಬೀಳುತ್ತದೆ, ಅವತ್ತಿನಿಂದಲೇ ಬಡ್ಡಿಯೂ ಬೀಳುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಹತ್ತಿರ ಡೆಬಿಟ್ ಕಾರ್ಡ್ ಮಾತ್ರ ಇದೆ. ಎಟಿಎಂ ಬಿಟ್ಟರೆ ಬೇರೆಲ್ಲೂ ಬಳಸುವುದಿಲ್ಲ. ಆದರೂ ಅಪಾಯ ಇದೆಯಾ?

ಉತ್ತರ: ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ವಿದೇಶಿ, ಟ್ಯಾಪ್ ಮಾಡಿ ಕೊಡುವ ವ್ಯವಹಾರ, ಮೂರನ್ನೂ ಆಫ್ ಮಾಡಿ. ಎಟಿಎಂ ಮಿತಿಯನ್ನೂ ಇಳಿಸಿ. 2020ರ ಅಕ್ಟೋಬರ್‌ನಿಂದ ಈ ಸ್ವಿಚ್‌ಗಳು ಗ್ರಾಹಕರ ಕೈಯಲ್ಲೇ ಇವೆ, ಆದರೆ ಬಳಸುವವರು ಕಡಿಮೆ.

ಮೊದಲು ಕೇಳಿದ ತಾಯಿ: ತುಂಬಾ ಥ್ಯಾಂಕ್ಸ್ ಸರ್. ಲಿಮಿಟ್ 80,000 ಕೊಡುತ್ತೇವೆ ಅನ್ನುತ್ತಿದ್ದಾರೆ. ಅದು ಜಾಸ್ತಿ ಆಯಿತು ಅಲ್ವಾ? ಮುಂದೆ ಬೇಡ ಅನ್ನಿಸಿದರೆ ಬಿಡುತ್ತಾರಾ?

ಉತ್ತರ: ಜಾಸ್ತಿಯೇ ಅಮ್ಮ. 25,000ಕ್ಕೆ ಇಳಿಸಿ ಅಂತ ಕೇಳಲಿ, ಇಳಿಸುತ್ತಾರೆ. ಬೇಡವಾದಾಗ ಬಾಕಿ ಎಲ್ಲ ತೀರಿಸಿ, ಮುಚ್ಚಿ ಅಂತ ಇಮೇಲ್ ಹಾಕಲಿ. 7 ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಅವನಿಗೆ ದಂಡ ಕಟ್ಟಬೇಕು. ಆ ಇಮೇಲ್ ಮಾತ್ರ ಅಳಿಸದೆ ಇಟ್ಟುಕೊಳ್ಳಲಿ.